ಫಾಲಿಕ್ಯುಲೈಟಿಸ್: ಕೂದಲ ಬುಡದ ಗುಳ್ಳೆ

ಮುಖದ ಮೇಲೆ ಎದ್ದರೆ ಮೊಡವೆ ಅಂತೇವೆ, ಬೆನ್ನ ಮೇಲೆ ಎದ್ದರೆ ಕುರು. ಹೆಣ್ಣಿನ ಜನನಾಂಗದ ಹತ್ತಿರ ಎದ್ದರೆ ಮಾತ್ರ ಅದಕ್ಕೆ ಹೆಸರೇ ಇಲ್ಲ. ‘ಅಲ್ಲೇನೋ ಆಗಿದೆ’ ಅಂತ ಮೆಲ್ಲಗೆ ಹೇಳಿ ಸುಮ್ಮನಾಗುತ್ತೇವೆ. ಆಮೇಲೆ ರಾತ್ರಿಯಿಡೀ ದಿಗಿಲು. ಬಹಳ ಸಲ ಅದು ಫಾಲಿಕ್ಯುಲೈಟಿಸ್ ಆಗಿರುತ್ತದೆ, ಅಷ್ಟೇ.

ಲ್ಯಾಟಿನ್‌ನಲ್ಲಿ ‘ಫಾಲಿಕ್ಯುಲಸ್’ ಅಂದರೆ ಪುಟ್ಟ ಚೀಲ. ಚರ್ಮದೊಳಗೆ ಪ್ರತಿ ಕೂದಲೂ ಇಂಥ ಒಂದು ಚೀಲದಿಂದಲೇ ಮೇಲೆ ಬರುತ್ತದೆ. ಬಾಲದಲ್ಲಿರುವ ‘ಐಟಿಸ್’ ಎಂದರೆ ಉರಿಯೂತ. ಟಾನ್ಸಿಲೈಟಿಸ್‌ನಲ್ಲಿ ಇರುವುದೂ ಇದೇ ಬಾಲ. ಒಟ್ಟಿನಲ್ಲಿ, ಕೂದಲಿನ ಚೀಲ ಕೆಂಪಾಗಿ ಊದಿಕೊಂಡಿದೆ ಎಂದರ್ಥ.

ಶೇವಿಂಗ್ ಅಥವಾ ವ್ಯಾಕ್ಸಿಂಗ್ ಮಾಡಿದಾಗ ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳಾಗುತ್ತವೆ. ನಮ್ಮ ಚರ್ಮದ ಮೇಲೆಯೇ ಇರಬಹುದಾದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾಕ್ಕೆ ಅಷ್ಟು ದಾರಿ ಸಾಕು. ಬೆವರು, ಬಿಗಿ ಬಟ್ಟೆಯ ಉಜ್ಜಾಟ ಸೇರಿದರೆ ಇನ್ನೂ ಸುಲಭ. ಕೆಲವೊಮ್ಮೆ ಕತ್ತರಿಸಿದ ಕೂದಲು ಹೊರಗೆ ಬಾರದೆ ಬಾಗಿ ಒಳಗೇ ಬೆಳೆಯುತ್ತದೆ. ಗುಂಗುರು ಕೂದಲಿನವರಿಗೆ ಇದು ಜಾಸ್ತಿ.

ಇಲ್ಲೊಂದು ಸುಲಭದ ಗುರುತು ಇದೆ. ಕೂದಲಿರುವ ಕಡೆ ಮಾತ್ರ ಫಾಲಿಕ್ಯುಲೈಟಿಸ್ ಆಗುತ್ತದೆ: ಜನನಾಂಗದ ಮೇಲಿನ ದಿಬ್ಬ, ಅದರ ಹೊರತುಟಿ, ತೊಡೆಸಂದು. ಒಳತುಟಿಯಲ್ಲಿ ಕೂದಲಿಲ್ಲ. ಅಲ್ಲಿ ಎದ್ದದ್ದು ಬೇರೆ ಏನೋ. ಅದು ಕೆಟ್ಟದ್ದೇ ಆಗಬೇಕೆಂದಿಲ್ಲ. ಒಳತುಟಿಯ ಮೇಲೆ ಸಾಸಿವೆಗಿಂತ ಚಿಕ್ಕದಾಗಿ ಕಾಣುವ ತಿಳಿಹಳದಿ ಚುಕ್ಕೆಗಳು ಎಣ್ಣೆ ಗ್ರಂಥಿಗಳಷ್ಟೇ. ಅವಕ್ಕೆ ಫೋರ್ಡೈಸ್ ಚುಕ್ಕೆ ಅಂತಾರೆ, ರೋಗವೇ ಅಲ್ಲ. ಯೋನಿಯ ಬಾಯಿಯ ಪಕ್ಕ ಒಂದೇ ಕಡೆ ಗಂಟು ಬಂದರೆ ಅದು ಅಲ್ಲಿ ತೇವ ಒದಗಿಸುವ ಬಾರ್ಥೊಲಿನ್ ಗ್ರಂಥಿಯ ನಾಳ ಕಟ್ಟಿಕೊಂಡದ್ದಿರಬಹುದು.

ಆರೈಕೆ ಅಂದರೆ ಅರ್ಧ ಪಾಲು ಕೈ ಕಟ್ಟಿ ಕೂರುವುದು. ಹಿಚುಕಬಾರದು, ಚಿವುಟಬಾರದು, ಸೂಜಿಯಿಂದ ಕೆದಕಬಾರದು. ಹಿಚುಕಿದರೆ ಕೀವು ಒಳಕ್ಕೂ ಹರಡಬಹುದು, ಕಲೆಯೂ ಉಳಿಯಬಹುದು. ಶುಭ್ರವಾದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಹತ್ತು ಹದಿನೈದು ನಿಮಿಷ ಹಗುರವಾಗಿ ಇಡಿ. ದಿನಕ್ಕೆ ಮೂರ್ನಾಲ್ಕು ಸಲ. ಚರ್ಮ ಸುಡುವಷ್ಟು ಬಿಸಿ ಬೇಡ. ವಾಸಿಯಾಗುವವರೆಗೆ ರೇಜರ್ ದೂರ ಇಡಿ, ಸಡಿಲವಾದ ಹತ್ತಿ ಒಳಉಡುಪು ಹಾಕಿ. ಪರಿಮಳದ ಸೋಪು, ಸ್ಪ್ರೇ, ಪೌಡರ್ ಯಾವುದೂ ಬೇಡ. ಮನೆಯಲ್ಲಿ ಬಿದ್ದಿರುವ ಸ್ಟೀರಾಯ್ಡ್ ಬೆರೆತ ತುರಿಕೆ ಕ್ರೀಮನ್ನಂತೂ ಮುಟ್ಟಲೇಬೇಡಿ. ಅದು ಕೆಂಪನ್ನು ಮರೆಮಾಡುತ್ತದೆ, ಒಳಗಿನ ಸೋಂಕು ಹೆಚ್ಚಬಹುದು. ಸಣ್ಣ ಗುಳ್ಳೆ ಸಾಮಾನ್ಯವಾಗಿ ಒಂದು ವಾರ, ಹತ್ತು ದಿನದಲ್ಲಿ ಇಳಿಯುತ್ತದೆ.

ಮುಂದೆ ಕೂದಲು ತೆಗೆಯಲೇಬೇಕು ಅನಿಸಿದರೆ ಕತ್ತರಿಯಿಂದ ಚಿಕ್ಕದು ಮಾಡುವುದೇ ವಾಸಿ. ತೆಗೆಯದೇ ಇದ್ದರೂ ಏನೂ ಕೊಳಕಲ್ಲ, ಅಲ್ವಾ?

ಗುಳ್ಳೆ ದೊಡ್ಡದಾಗುತ್ತಿದ್ದರೆ, ಜ್ವರ ಬಂದರೆ, ಎರಡು ವಾರವಾದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಗೊಂಚಲು ಗೊಂಚಲಾಗಿ ನೀರು ತುಂಬಿದ ಉರಿಯುವ ಬೊಕ್ಕೆಗಳು ಹರ್ಪಿಸ್ ಎಂಬ ವೈರಸ್ ಸೋಂಕು ಇರಬಹುದು. ನೋವೇ ಇಲ್ಲದ ಹುಣ್ಣನ್ನೂ ಕಡೆಗಣಿಸಬೇಡಿ, ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗ ಸಾಮಾನ್ಯವಾಗಿ ಹಾಗೆಯೇ ಶುರುವಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು ಇಷ್ಟೆಲ್ಲ ಕಾಯದೆ ಬೇಗ ಹೋಗುವುದು ಒಳ್ಳೆಯದು.