ಗಂಡ ಮಾಡಿದ ತಪ್ಪುಗಳನ್ನು ಹೊರಗಿನವರ ಮುಂದೆ ಯಾಕೆ ಓದಬೇಕು?

ಪ್ರಶ್ನೆ: ನಮ್ಮದು ಸೇಡಂ ತಾಲ್ಲೂಕಿನ ಹಳ್ಳಿ. ನಮ್ಮನೆಯವರು ಕುಡಿತ ಬಿಡ್ತೀನಿ ಅಂತ ಶರಣಬಸಪ್ಪನ ಗುಡಿಯಲ್ಲಿ ಆಣೆ ಮಾಡಿದ್ದರು. ಗಾಣಗಾಪುರಕ್ಕೂ ಹೋಗಿ ಬಂದರು. ಎರಡೂ ಉಳಿಯಲಿಲ್ಲ. ಈಗ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಮೀಟಿಂಗಿಗೆ ಹೋಗುತ್ತಿದ್ದಾರೆ, ಸದ್ಯಕ್ಕೆ ಕುಡಿದಿಲ್ಲ. ಅಲ್ಲಿ ಸ್ಪಾನ್ಸರ್ ಅಂತ ಒಬ್ಬರು, ‘ಮಾಡಿದ್ದೆಲ್ಲ ಬರೆದು ತಂದು ನನ್ನ ಮುಂದೆ ಓದಿ’ ಅಂದಿದ್ದಾರಂತೆ. ಹೆಂಡತಿಗೆ ಹೇಳದ್ದು ಹೊರಗಿನವರಿಗೆ ಯಾಕೆ? ಮನೆ ಮಾತು ಊರಿಗೆ ಗೊತ್ತಾದರೆ?

ಉತ್ತರ: ಓದಲಿ ಬಿಡ್ರಿ ಅಕ್ಕಾ. ನಿಮ್ಮ ಅಂಜಿಕೆ ಸುಳ್ಳಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಸ್ಪಾನ್ಸರ್ ಯಾರು ಅಂತ ಹೇಳಿಬಿಡುತ್ತೇನೆ.

ಅವರೂ ಒಂದು ಕಾಲಕ್ಕೆ ಕುಡಿದು ಕೆಟ್ಟವರೇ. ಎ.ಎ.ಯಲ್ಲಿ ಕುಡಿತದಿಂದ ಹೊರಬರಲು ಒಂದೊಂದಾಗಿ ಮಾಡುವ ಹನ್ನೆರಡು ಕೆಲಸಗಳಿವೆ, ಅವನ್ನು ಮೆಟ್ಟಿಲು ಅನ್ನುತ್ತಾರೆ. ಆ ಹನ್ನೆರಡು ಮೆಟ್ಟಿಲು ತಾವು ಹತ್ತಿದ ಮೇಲೆ ಇನ್ನೊಬ್ಬರ ಜೊತೆ ಕೂತು ಹತ್ತಿಸುತ್ತಾರೆ. ರೊಕ್ಕ ತೆಗೆದುಕೊಳ್ಳುವುದಿಲ್ಲ. ಎ.ಎ. ಶುರುವಾಗಿದ್ದೇ ಹೀಗೆ. 1935ರಲ್ಲಿ ಬಿಲ್ ವಿಲ್ಸನ್ ಎಂಬುವರು ವ್ಯವಹಾರಕ್ಕೆಂದು ಅಮೆರಿಕದ ಆಕ್ರನ್ ಊರಿಗೆ ಬಂದಿದ್ದರು. ವ್ಯವಹಾರ ಕೆಟ್ಟಿತು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಹೋಟೆಲಿನಲ್ಲೇ ಬಾರ್ ಇತ್ತು. ಒಳಗೆ ಹೋಗುವ ಬದಲು ಅವರು ಫೋನ್ ಮೇಲೆ ಫೋನ್ ಮಾಡಿ, ಮಾತಾಡೋಕೆ ಇನ್ನೊಬ್ಬ ಕುಡುಕ ಸಿಗುತ್ತಾನಾ ಅಂತ ಹುಡುಕಿದರು. ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್, ಸರ್ಜನ್. ಬಾಬ್ ನಡುವೆ ಒಮ್ಮೆ ಜಾರಿದರು, ಜೂನ್ 10ರ ನಂತರ ಮುಟ್ಟಲಿಲ್ಲ. ಆ ದಿನದಿಂದಲೇ ಎ.ಎ.ಗೆ ವರ್ಷ ಎಣಿಸುತ್ತಾರೆ. ಅಂದರೆ ನಿಮ್ಮನೆಯವರ ಮಾತು ಕೇಳುತ್ತಾ ಕೂರುವ ಸ್ಪಾನ್ಸರ್ ತನ್ನ ಕುಡಿತವನ್ನೂ ದೂರ ಇಟ್ಟುಕೊಳ್ಳುತ್ತಿರುತ್ತಾರೆ. ಉಪಕಾರ ಮಾಡ್ತಿದ್ದಾರೆ ಅಂತ ಸಂಕೋಚ ಪಡಬೇಕಿಲ್ಲ.

ಆಣೆ ಯಾಕೆ ಉಳಿಯಲಿಲ್ಲ? ಆಣೆಯನ್ನು ನಾನು ಹಗುರ ಮಾಡುವುದಿಲ್ಲ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು, ನಿಮ್ಮ ಚಟ ಇದರಲ್ಲಿ ಹಾಕಿ ಅಂತ ಊರೂರು ತಿರುಗಿ ಬೇಡಿದರು, ಎಷ್ಟೋ ಮನೆ ಉಳಿದವು. ಆದರೆ ಆಣೆ ಮಾಡಿದ ಮರುದಿನವೂ ಅದೇ ಸಾಲ, ಅದೇ ಅಣ್ಣತಮ್ಮಂದಿರ ಜಗಳ, ಅದೇ ಸಿಟ್ಟು ಮನೆಯಲ್ಲೇ ಇರುತ್ತದೆ. ಮಾಡಿದ್ದೆಲ್ಲ ಬರೆಯುವ ನಾಲ್ಕನೇ ಮೆಟ್ಟಿಲು ಕೈ ಹಾಕುವುದು ಇದಕ್ಕೇ.

ಅದನ್ನು ಬರೆಯಿಸುವ ಒಂದು ರೀತಿ ಹೇಳುತ್ತೇನೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ನಾಲ್ಕು ಅಂಕಣ ಮಾಡುತ್ತಾರೆ. ಮೊದಲನೆಯದರಲ್ಲಿ ಯಾರ ಮೇಲೆ ಸಿಟ್ಟು: ಅಣ್ಣ. ಎರಡನೆಯದರಲ್ಲಿ ಯಾಕೆ: ಪಾಲು ಮಾಡುವಾಗ ಒಳ್ಳೆ ಹೊಲ ತಾನಿಟ್ಟುಕೊಂಡ. ಮೂರನೆಯದರಲ್ಲಿ ಏನಕ್ಕೆ ಪೆಟ್ಟು ಬಿತ್ತು: ರೊಕ್ಕ, ಮಾನ. ಇಲ್ಲಿಯವರೆಗೆ ಯಾರಾದರೂ ಬರೆದಾರು, ಕಟ್ಟೆ ಮೇಲೆ ಕೂತು ದಿನಾ ಹೇಳುವುದೂ ಇದನ್ನೇ. ಪೆನ್ನು ನಿಲ್ಲುವುದು ನಾಲ್ಕನೆಯದರ ಹತ್ತಿರ. ಅಲ್ಲಿ ನನ್ನ ಪಾಲು ಏನು ಅಂತ ಬರೆಯಬೇಕು. ‘ಅಳತೆಯ ದಿನ ಕುಡಿದು ಹೋಗಿದ್ದೆ. ನೋಡದೆ ಸಹಿ ಹಾಕಿದೆ. ತೊಗರಿ ಮಾರಿದ ರೊಕ್ಕದಲ್ಲಿ ಅವನಿಗೂ ಕೊಡುವುದಿತ್ತು, ಕೊಡಲಿಲ್ಲ.’

ಐದನೇ ಮೆಟ್ಟಿಲಲ್ಲಿ ಇದನ್ನು ಒಬ್ಬ ಮನುಷ್ಯನ ಮುಂದೆ ಹೇಳಬೇಕು. ನಿಮ್ಮ ಮುಂದೆ ಯಾಕೆ ಬೇಡ ಅಂದರೆ, ಆ ನೋಟ್‌ಬುಕ್ಕಿನಲ್ಲಿ ನೀವೂ ಇರುತ್ತೀರಿ. ನಿಮ್ಮ ಮುಖ ನೋಡಿಕೊಂಡು ಓದಿದರೆ ಅರ್ಧ ನುಂಗುತ್ತಾರೆ. ಇಲ್ಲವೇ ಎಲ್ಲ ಹೇಳಿ ತಮ್ಮ ಎದೆ ಹಗುರ ಮಾಡಿಕೊಂಡು ಭಾರ ನಿಮ್ಮ ತಲೆಗೆ ಹಾಕುತ್ತಾರೆ. ಎರಡೂ ಅನ್ಯಾಯ. ಸ್ಪಾನ್ಸರಿಗೆ ಅದರಲ್ಲಿ ನೋವಾಗುವಂಥದ್ದು ಏನೂ ಇಲ್ಲ. ‘ಇದು ನಾನೂ ಮಾಡಿದ್ದೆ’ ಅಂತ ಹೇಳಬಲ್ಲರು. ನಾಚಿಕೆಯಿಂದ ಮತ್ತೆ ಬಾಟಲಿ ಹಿಡಿಯುವವರಿಗೆ ಆ ಒಂದು ಮಾತಿನ ಬೆಲೆ ಜಾಸ್ತಿ.

ಇನ್ನು ಊರಿಗೆ ಗೊತ್ತಾಗುವ ವಿಷಯ. ಮೀಟಿಂಗಿನಲ್ಲಿ ಕೇಳಿದ್ದು ಅಲ್ಲೇ ಬಿಡಬೇಕು ಅಂತ ರೂಢಿ ಇದೆ, ಕಾನೂನಿನ ಬಲ ಇಲ್ಲ. ನಮ್ಮ ಕಡೆ ಯಾರನ್ನು ಕೇಳಿದರೂ ಎಲ್ಲೋ ಒಂದು ಕಡೆ ಸಂಬಂಧ ಹತ್ತುತ್ತದೆ ಅಲ್ವಾ? ಹಾಗಾಗಿ ಸ್ಪಾನ್ಸರ್ ನಿಮ್ಮ ಓಣಿಯವರು, ಬೀಗರ ಕಡೆಯವರು ಆಗಿರದಿದ್ದರೆ ಒಳ್ಳೆಯದು. ಬೇಡವೆನಿಸಿದರೆ ಬದಲಾಯಿಸಬಹುದು. ಐದನೇ ಮೆಟ್ಟಿಲಿಗೆ ಸ್ಪಾನ್ಸರೇ ಆಗಬೇಕೆಂದೂ ಇಲ್ಲ, ನಂಬಿಕೆಯ ಸ್ವಾಮಿಗಳು, ಡಾಕ್ಟರ್ ಆದರೂ ನಡೆಯುತ್ತದೆ. ಕೋರ್ಟು ಕೇಸಿನ ಮಾತಿದ್ದರೆ ಮೊದಲು ವಕೀಲರನ್ನು ಕೇಳಲಿ.

ದೇವರ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ‘ನಾವು ಅರಿತಂತೆ ದೇವರು’ ಅಂತ ಮೆಟ್ಟಿಲಲ್ಲೇ ಬರೆದಿದೆ. ಶರಣಬಸಪ್ಪನನ್ನು ಬಿಡಿ ಅಂತ ಯಾರೂ ಹೇಳುವುದಿಲ್ಲ, ಬಂದೇ ನವಾಜರ ದರ್ಗಾಕ್ಕೆ ಹೋಗುವವರನ್ನೂ ತಡೆಯುವುದಿಲ್ಲ.

ಆದರೆ ಸ್ಪಾನ್ಸರಿಗೂ ಗೆರೆ ಇದೆ. ಡಾಕ್ಟರ್ ಕೊಟ್ಟ ಗುಳಿಗೆ ನಿಲ್ಲಿಸಿ ಅಂದರೆ ಕೇಳಬೇಡಿ. ಮತ್ತೆ ಕುಡಿಯಲು ಶುರು ಮಾಡಿ, ದಿನಾ ಕುಡಿದು, ಒಮ್ಮೆಲೆ ನಿಲ್ಲಿಸಿದರೆ ಮೊದಲ ನಾಲ್ಕೈದು ದಿನ ಅಪಾಯ. ಕೈ ನಡುಗಿ ಬೆವರು ಸುರಿದರೆ ಅಂದೇ ಡಾಕ್ಟರಿಗೆ ತೋರಿಸಿ. ಫಿಟ್ಸ್ ಬಂದರೆ, ಇಲ್ಲದ್ದು ಕಣ್ಣಿಗೆ ಕಂಡರೆ ಸೀದಾ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಅದು ಪ್ರಾರ್ಥನೆಯಿಂದ ಇಳಿಯುವಂಥದ್ದಲ್ಲ. ಹೊಡೆದರೆ ಸ್ಪಾನ್ಸರಿಗೆ ಫೋನ್ ಮಾಡಿ ಕಾಯಬೇಡಿ, 112ಕ್ಕೆ ಮಾಡಿ.

ನಿಮ್ಮ ಸರದಿ ಎಂಟು, ಒಂಬತ್ತನೇ ಮೆಟ್ಟಿಲಿಗೆ ಬರುತ್ತದೆ. ಯಾರಿಗೆಲ್ಲ ತೊಂದರೆ ಕೊಟ್ಟೆ ಅಂತ ಪಟ್ಟಿ ಮಾಡಿ, ಹೋಗಿ ಸರಿ ಮಾಡಬೇಕು. ಸುಮ್ನೆ ‘ತಪ್ಪಾಯ್ತು’ ಅಂದರೆ ಮುಗಿಯಲಿಲ್ಲ. ಕಿರಾಣಿ ಅಂಗಡಿಯ ಉದ್ರಿ ತೀರಿಸಬೇಕು, ನಿಮ್ಮ ತವರಿನಿಂದ ತಂದ ರೊಕ್ಕ ವಾಪಸ್ ಮಾಡಬೇಕು. ಕ್ಷಮಿಸಲೇಬೇಕು ಅಂತ ನಿಮ್ಮ ಮೇಲೆ ಯಾವ ಮೆಟ್ಟಿಲಿನ ಒತ್ತಾಯವೂ ಇಲ್ಲ. ಅಲ್ಲಿಯವರೆಗೆ ನೋಟ್‌ಬುಕ್ ಎಲ್ಲಿ ಇಟ್ಟಿದ್ದಾರೆ ಅಂತ ಹುಡುಕಬೇಡಿ. ಮನಸ್ಸು ತಡೆಯದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಅಂತ ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಕುಡಿಯುವವರ ಮನೆಯವರಿಗೆಂದೇ ಆಲ್-ಅನಾನ್ ಅಂತ ಬೇರೆ ಮೀಟಿಂಗು ಇವೆ. ನಿಮಗೆ ಹತ್ತಿರದ್ದು ಎಲ್ಲಿದೆ ಅಂತ ಆ ಸ್ಪಾನ್ಸರನ್ನೇ ಕೇಳಿ.