ತೊಳೆದರೂ ಬಾರದ ಹಳದಿ

ದುರಸ್ತಿಗೆ ನನ್ನ ಹತ್ತಿರ ಹಳೆಯ ಪೇಂಟಿಂಗ್ ತರುವವರೆಲ್ಲ ಹೇಳುವುದು ಒಂದೇ: "ಚೆನ್ನಾಗಿ ಕ್ಲೀನ್ ಮಾಡಿ ಸರ್, ಮೊದಲಿನ ಬಣ್ಣ ಬರಬೇಕು." ಕೇಳಿ ಕೇಳಿ ಸಾಕಾಗಿದೆ. ಬಣ್ಣದ ಮೇಲೆ ಕೂತ ಕೊಳೆ ಬೇರೆ, ಬಣ್ಣವೇ ಬದಲಾಗುವುದು ಬೇರೆ. ಕೊಳೆ, ಹಳದಿಗಟ್ಟಿದ ವಾರ್ನಿಷ್ ಸಾಮಾನ್ಯವಾಗಿ ತೆಗೆಯಬಹುದು. ಬಣ್ಣವೇ ಕಂದಾಗಿದ್ದರೆ? ಆ ಕಂದು ತೆಗೆದರೆ ಚಿತ್ರವೇ ಹೋಗುತ್ತದೆ, ಅಲ್ವಾ?

ಫ್ರಾನ್ಸಿನ ಚಿತ್ರಕಾರ ಜಾರ್ಜ್ ಸ್ಯೂರಾ ಬರೆದ ಗ್ರಾಂಡ್ ಜಾಟ್ ದ್ವೀಪದ ಭಾನುವಾರದ ಚಿತ್ರವನ್ನೇ ನೋಡಿ. ಪ್ಯಾರಿಸ್ ಹತ್ತಿರ ಸೇನ್ ನದಿಯ ದ್ವೀಪ, ಬಿಸಿಲು ಬಿದ್ದ ಹುಲ್ಲು, ನೆರಳಲ್ಲಿ ಕೂತ ಜನ. 2 ಮೀಟರ್ ಎತ್ತರ, 3 ಮೀಟರ್ ಅಗಲದ ಕ್ಯಾನ್ವಾಸ್. 1884ರಲ್ಲಿ ಶುರು ಮಾಡಿದ ಚಿತ್ರದ ಮೇಲೆ 1885-86ರಲ್ಲಿ ಮತ್ತೆ ಸಣ್ಣ ಸಣ್ಣ ಚುಕ್ಕೆ ಇಟ್ಟ. ಬೇರೆ ಬೇರೆ ಬಣ್ಣಗಳು ಪಕ್ಕಪಕ್ಕ ಇದ್ದರೆ ದೂರದಿಂದ ಹೊಳಪು ಜಾಸ್ತಿ ಅನ್ನುವುದು ಅವನ ಲೆಕ್ಕ. ಬಿಸಿಲಿನ ಚುಕ್ಕೆಗಳಿಗೆ ಜಿಂಕ್ ಎಲ್ಲೋ ಅನ್ನುವ ಹಳದಿ ಬಣ್ಣ ಬಳಸಿದ. ಅದೇ ಕೈಕೊಟ್ಟಿತು. ಹಳದಿ, ಮಣ್ಣಿನ ಬಣ್ಣಕ್ಕೆ ತಿರುಗಿತು, ಅದು ಬೆರೆತ ಹಸಿರು ಮಂಕಾಯಿತು, ಕಿತ್ತಳೆ ಕಂದಾಯಿತು. 1892ರಲ್ಲೇ, ಅಂದರೆ ಸ್ಯೂರಾ 31ನೇ ವಯಸ್ಸಿಗೆ ತೀರಿಕೊಂಡ ಮರುವರ್ಷವೇ, ಅವನ ಅಭಿಮಾನಿ ವಿಮರ್ಶಕ ಫೆಲಿಕ್ಸ್ ಫೆನಿಯೋ ಚಿತ್ರದ ಹೊಳಪು ಹೋಯಿತೆಂದು ಬರೆದ. ಜಿಂಕ್ ಎಲ್ಲೋದಲ್ಲಿರುವ ಕ್ರೋಮಿಯಂ ಬೆಳಕು, ತೇವ, ಗಾಳಿಯಲ್ಲಿನ ಗಂಧಕದ ಅನಿಲಗಳ ಜೊತೆ ಸೇರಿ ಬೇರೆ ರೂಪ ತಾಳುತ್ತದೆ. ಹಾಲು ಮೊಸರಾದ ಮೇಲೆ ಮತ್ತೆ ಹಾಲಾಗದ ಹಾಗೆ.

ಈಗ ಚಿತ್ರ ಇರುವುದು ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ. 1958ರಲ್ಲಿ ನ್ಯೂಯಾರ್ಕ್‌ಗೆ ಪ್ರದರ್ಶನಕ್ಕೆ ಕೊಟ್ಟಾಗ ಅಲ್ಲಿನ ಮ್ಯೂಸಿಯಂನಲ್ಲಿ ಬೆಂಕಿ ಬಿತ್ತು, ಪುಣ್ಯಕ್ಕೆ ಇದು ಉಳಿಯಿತು. ಆಮೇಲೆ ಹೊರಗೆ ಕಳಿಸಿಲ್ಲ. ಅಷ್ಟು ಜೋಪಾನ ಮಾಡುವವರೂ ಆ ಕಂದು ಚುಕ್ಕೆಗಳ ಮೇಲೆ ಹೊಸ ಹಳದಿ ಬಳಿದಿಲ್ಲ. ಮೊದಲ ಬಣ್ಣ ಹೇಗಿತ್ತೆಂದು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು, ಕ್ಯಾನ್ವಾಸ್ ಮುಟ್ಟಲಿಲ್ಲ.

ಒಬ್ಬರು ಅಮ್ಮ ತಮ್ಮ ತಂದೆ ಬರೆದ ನದಿ ದಡದ ಚಿತ್ರ ತಂದಿದ್ದರು. ವಾರ್ನಿಷ್ ತೆಗೆದಾಗ ಆಕಾಶ ನೀಲಿಯಾಗಿ ಬಂತು, ಮರಗಳು ಮಾತ್ರ ಕಂದಾಗೇ ಉಳಿದವು. "ಸ್ವಲ್ಪ ಹಸಿರು ಹಚ್ಚಿಬಿಡಿ" ಅಂದರು. ಅದು ನಿಮ್ಮ ಅಪ್ಪಾಜಿ ಕೈ ಅಲ್ಲ, ನನ್ನ ಕೈ ಆಗುತ್ತದೆ ಅಂದೆ. ಅವರಿಗೆ ಬೇಜಾರಾಯಿತು, ನನಗೂ. ಆದರೂ ಹಚ್ಚಲಿಲ್ಲ.

ನಿಮ್ಮ ಮನೆಯ ಚಿತ್ರದಲ್ಲಿ ಇರುವುದು ಕೊಳೆಯೋ, ಕೆಟ್ಟ ಬಣ್ಣವೋ ಅಂತ ಫೋಟೋ ನೋಡಿ ಹೇಳಲಾರೆ. ಮೂಲೆಯಲ್ಲಿ ಸ್ವಲ್ಪವೇ ಪರೀಕ್ಷೆ ಮಾಡಬೇಕು. ಅಲ್ಲಿವರೆಗೆ ದಯವಿಟ್ಟು ಆಲೂಗಡ್ಡೆ ಹೋಳು ಉಜ್ಜುವುದು, ಸೋಪಿನ ನೀರು ಹಚ್ಚುವುದು ಯಾವುದೂ ಬೇಡ.