ಮೆರಿಡಾ: ಒಬ್ಬ ಬಾಲೆಯ ಸಮಾಧಿ, ಗಾಥ್ ದೊರೆಗಳು

ರೋಮನ್ನರು ಹೋದರು, ವಿಸಿಗಾಥರು (ಗಾಥ್ ಎಂಬ ಜರ್ಮಾನಿಕ್ ಜನಾಂಗದ ಒಂದು ಕವಲು) ಬಂದರು, ಕೊನೆಗೆ ಕ್ರೈಸ್ತಧರ್ಮ ಗೆದ್ದಿತು ಎಂದು ಸ್ಪೇನಿನ ಮೆರಿಡಾ ನಗರದ ಚರಿತ್ರೆಯನ್ನು ಮೂರೇ ಮಾತಿನಲ್ಲಿ ಮುಗಿಸುವುದುಂಟು. ಆದರೆ ಗಾಥರು ಇಲ್ಲಿಗೆ ಬರುವಾಗಲೇ ಕ್ರೈಸ್ತರಾಗಿದ್ದರು. ನಗರವನ್ನು ಕಲಕಿದ್ದು ಕ್ರೈಸ್ತರೊಳಗಿನ ವ್ಯಾಜ್ಯವೇ.

ಕ್ರಿ.ಪೂ. 25ರಲ್ಲಿ ಚಕ್ರವರ್ತಿ ಅಗಸ್ಟಸ್ ನಿವೃತ್ತ ಸೈನಿಕರಿಗಾಗಿ ಗ್ವಾಡಿಯಾನಾ ನದಿಯ ದಡದಲ್ಲಿ ಕಟ್ಟಿಸಿದ ಈ ಊರು ಲುಸಿಟಾನಿಯಾ ಪ್ರಾಂತದ ರಾಜಧಾನಿಯಾಗಿ ಬೆಳೆಯಿತು. ಇಲ್ಲಿನ ಕ್ರೈಸ್ತರ ಮೊದಲ ಸುಳಿವು ಸಿಗುವುದು ಒಂದು ದೂರಿನಲ್ಲಿ: ಬಿಷಪ್ ಮಾರ್ಷಿಯಾಲಿಸ್ ರೋಮನ್ ಆಳ್ವಿಕೆಯ ಕಿರುಕುಳಕ್ಕೆ ಅಂಜಿ ರೋಮನ್ ದೇವತೆಗಳನ್ನು ಪೂಜಿಸಿದ್ದಾಗಿ ಪ್ರಮಾಣಪತ್ರ ಪಡೆದಿದ್ದನೆಂಬ ಆರೋಪವು 254ರ ಸುಮಾರಿಗೆ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಬರೆದ ಪತ್ರದಲ್ಲಿದೆ. ಅರ್ಧ ಶತಮಾನದ ನಂತರ, ಹನ್ನೆರಡು ವರ್ಷದ ಯುಲಾಲಿಯಾ ಎಂಬ ಬಾಲೆ ಅಂಥ ಪೂಜೆಗೆ ಒಪ್ಪದೆ ಪ್ರಾಣ ಕೊಟ್ಟಳೆಂದು ಸಂಪ್ರದಾಯ ಹೇಳುತ್ತದೆ. ಕೋಟೆಗೋಡೆಯ ಹೊರಗಿದ್ದ ಅವಳ ಸಮಾಧಿಯ ಮೇಲೆ ಬೆಸಿಲಿಕಾ, ಅಂದರೆ ದೊಡ್ಡ ಚರ್ಚು, ಎದ್ದಿತು. ಅವಳೇ ಊರಿನ ರಕ್ಷಕಿಯಾದಳು.

ಐದನೆಯ ಶತಮಾನದಲ್ಲಿ ಅಲನರು, ಸ್ವೇಬಿಗಳು ಎಂಬ ದಾಳಿಕೋರ ಪಂಗಡಗಳು, ಅವರ ಹಿಂದೆ ವಿಸಿಗಾಥರು ಬಂದರು. ಆದರೂ 483ರಲ್ಲಿ, ಗಾಥ್ ದೊರೆ ಯೂರಿಕನ ಕಾಲದಲ್ಲಿ, ಕುಸಿದಿದ್ದ ರೋಮನ್ ಸೇತುವೆಯನ್ನು ಗಾಥ್ ದಳಪತಿ ಸಲ್ಲಾ ಮತ್ತು ಊರಿನ ಕ್ಯಾಥೊಲಿಕ್ ಬಿಷಪ್ ಝೀನೋ ಕೂಡಿ ದುರಸ್ತಿ ಮಾಡಿಸಿದರೆಂದು ಶಾಸನವೊಂದರ ಹಸ್ತಪ್ರತಿ ನಕಲು ತಿಳಿಸುತ್ತದೆ. ಇಬ್ಬರ ಹೆಸರೂ ಒಂದೇ ಶಾಸನದಲ್ಲಿರುವುದು ಸಣ್ಣ ಸಂಗತಿಯಲ್ಲ.

ಮಗನಾದ ಕ್ರಿಸ್ತನು ತಂದೆಯಾದ ದೇವರಿಗೆ ಸರಿಸಮನಲ್ಲ ಎಂಬ ಏರಿಯನ್ ಪಂಥವನ್ನು ಗಾಥರು ಅನುಸರಿಸುತ್ತಿದ್ದರು (ಏರಿಯಸ್ ಎಂಬ ಪಾದ್ರಿಯಿಂದ ಬಂದ ಹೆಸರಿದು, ಆರ್ಯ ಶಬ್ದಕ್ಕೂ ಇದಕ್ಕೂ ಸಂಬಂಧವಿಲ್ಲ). ಊರಿನ ಹೆಚ್ಚಿನವರು ಇಬ್ಬರೂ ಸರಿಸಮರೆಂದು ನಂಬುವ ಕ್ಯಾಥೊಲಿಕರು. ಇದನ್ನು ಗಾಥ್–ರೋಮನ್ ಜಗಳವೆಂದು ಓದುವುದು ಸುಲಭವಾದರೂ ಸರಿಯಲ್ಲ, ಏಕೆಂದರೆ 570ರ ದಶಕದಿಂದ ಇಲ್ಲಿ ಕ್ಯಾಥೊಲಿಕ್ ಬಿಷಪ್ಪನಾಗಿದ್ದ ಮಸೋನಾ ಸ್ವತಃ ಗಾಥ್ ಕುಲೀನ. ಅವನ ಬಗ್ಗೆ ಏಳನೆಯ ಶತಮಾನದ 'ಮೆರಿಡಾ ಪಿತೃಗಳ ಚರಿತ್ರೆ' ವಿವರವಾಗಿ ಹೇಳುತ್ತದೆ. ಯಾತ್ರಿಕರಿಗೂ ರೋಗಿಗಳಿಗೂ ಆತ ಒಂದು ಆಸ್ಪತ್ರೆ ಕಟ್ಟಿಸಿದ; ವೈದ್ಯರು ಊರೆಲ್ಲ ಸುತ್ತಿ, ದಾಸನಿರಲಿ ಸ್ವತಂತ್ರನಿರಲಿ, ಕ್ರೈಸ್ತನಿರಲಿ ಯಹೂದಿಯಿರಲಿ, ಕಾಯಿಲೆಯವರನ್ನು ತೋಳಿನಲ್ಲಿ ಎತ್ತಿ ತರಬೇಕೆಂದು ಕಟ್ಟಳೆ ಮಾಡಿದ. ಕಷ್ಟದಲ್ಲಿದ್ದವರಿಗೆ ಸಾಲ ಕೊಡಲು ಯುಲಾಲಿಯಾಳ ಬೆಸಿಲಿಕಾದಲ್ಲಿ 2,000 ಚಿನ್ನದ ನಾಣ್ಯಗಳ ನಿಧಿಯಿಟ್ಟ.

ರಾಜ್ಯವನ್ನೆಲ್ಲ ಒಂದೇ ಪಂಥದಡಿ ತರಬಯಸಿದ ದೊರೆ ಲಿಯೋವಿಗಿಲ್ಡ್, ಸುನ್ನಾ ಎಂಬ ಏರಿಯನ್ ಬಿಷಪ್ಪನನ್ನು ಇಲ್ಲಿಗೆ ನೇಮಿಸಿದ. ಬೆಸಿಲಿಕಾ ಯಾರದೆಂದು ವಾದ ನಡೆದು ಕ್ಯಾಥೊಲಿಕರ ಪಾಲಿಗೇ ಉಳಿಯಿತು. ಆಗ ದೊರೆ, ಪವಿತ್ರವೆಂದು ಕಾಯ್ದಿಟ್ಟಿದ್ದ ಯುಲಾಲಿಯಾಳ ಅಂಗಿಯನ್ನು ಕೇಳಿದ. ಅದನ್ನು ಸುಟ್ಟು ಬೂದಿಯನ್ನು ನೀರಿನಲ್ಲಿ ಕದಡಿ ಕುಡಿದೆನೆಂದ ಮಸೋನಾ, ಅದೇ ಅಂಗಿಯನ್ನು ತನ್ನ ಉಡುಪಿನೊಳಗೆ ಹೊಟ್ಟೆಗೆ ಸುತ್ತಿಕೊಂಡಿದ್ದನಂತೆ. ಕೊನೆಗೆ ಗಡೀಪಾರಾದ. ಸಮಾಧಿಯೂ ಅಂಗಿಯೂ ಯಾರ ಕೈಯಲ್ಲಿವೆಯೋ ಊರು ಅವರ ಮಾತು ಕೇಳುತ್ತದೆಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು; ತತ್ತ್ವದ ಭೇದಕ್ಕಿಂತ ಆ ತಿಳಿವಳಿಕೆಯೇ ಜಗಳವನ್ನು ಕಹಿಯಾಗಿಸಿತೆಂದು ಕಾಣುತ್ತದೆ.

587ರಲ್ಲಿ ಲಿಯೋವಿಗಿಲ್ಡನ ಮಗ ರೆಕಾರೆಡ್ ಕ್ಯಾಥೊಲಿಕನಾದ. ಅಷ್ಟರಲ್ಲಿ ಊರಿಗೆ ಮರಳಿದ್ದ ಮಸೋನಾ 589ರ ಟೊಲೆಡೊ ಧರ್ಮಸಭೆಯಲ್ಲಿ ಪ್ರಮುಖನಾಗಿದ್ದ. 713ರಲ್ಲಿ ಅರಬ್ ಸೇನಾಪತಿ ಮೂಸಾ ಇಬ್ನ್ ನುಸೈರ್‌ನ ದೀರ್ಘ ಮುತ್ತಿಗೆಗೆ ನಗರ ಶರಣಾಯಿತು. 835ರಲ್ಲಿ ಸೇತುವೆಯ ಬದಿಗೆ ಕಟ್ಟಿದ ಅಲ್ಕಸಾಬಾ ಕೋಟೆಯಲ್ಲಿ ನೀರಿನ ತೊಟ್ಟಿಗೆ ಇಳಿಯುವಾಗ, ಗೋಡೆಗೆ ಸೇರಿಸಿದ ವಿಸಿಗಾಥ್ ಕಾಲದ ಕೆತ್ತನೆಯ ಅಮೃತಶಿಲೆಯ ಕಂಬಗಳು ಈಗಲೂ ಕಾಣುತ್ತವೆ.